ಡೀಸೆಲ್ ನಸ್ರುಲ್ಲಾ ಅಳಿಸದೆ ಉಳಿಸಿದ್ದು

ಶಿರಾದಲ್ಲಿ ನಸ್ರುಲ್ಲಾ ಎಂಬ ಹೆಸರಿನವರು ಏಳೆಂಟು ಮಂದಿ ಸಿಕ್ಕಾರು, ಡೀಸೆಲ್ ನಸ್ರುಲ್ಲಾ ಮಾತ್ರ ಒಬ್ಬನೇ. ಹೈವೇಗೆ ಹೋಗುವ ದಾರಿಯಲ್ಲಿ, ಟೈರ್ ಅಂಗಡಿಯ ಪಕ್ಕಕ್ಕೆ ಅವನ ತಗಡಿನ ಶೆಡ್ಡು. ಅವನ ತಂದೆ ಬಾವಿಗಳ ಆಯಿಲ್ ಎಂಜಿನ್ ರಿಪೇರಿ ಮಾಡಿಕೊಂಡು ಹುಲಿಕುಂಟೆ, ಗೌಡಗೆರೆ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದವರು. ಬಾವಿಗಳು ಬತ್ತಿ, ಬೋರ್‌ವೆಲ್ ಬಂದು, ಆಯಿಲ್ ಎಂಜಿನ್ನುಗಳು ಗುಜರಿಗೆ ಬಿದ್ದ ಮೇಲೆ ಮಗನನ್ನು ತುಮಕೂರಿನ ಪಂಪ್ ಶಾಪೊಂದಕ್ಕೆ ಬಿಟ್ಟರು. ಲಾರಿ, ಬಸ್ಸುಗಳ ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪನ್ನು ಬಿಚ್ಚಿ ಕಟ್ಟುವ ಕೆಲಸ. ಅಳತೆ ಚೂರು ಹೆಚ್ಚಾದರೆ ಕರೀ ಹೊಗೆ, ಚೂರು ಕಡಿಮೆಯಾದರೆ ಗಾಡಿ ಏರು ಹತ್ತುವುದಿಲ್ಲ. ಆರು ವರ್ಷ ಅದನ್ನೇ ಮಾಡಿ ಊರಿಗೆ ವಾಪಸಾದ ನಸ್ರುಲ್ಲಾ ಶಿರಾದಲ್ಲಿ ಶೆಡ್ಡು ಹಾಕಿದ, ಜಹೀದಾಳನ್ನು ಮದುವೆಯಾದ, ಹೈವೇ ಲಾರಿಗಳಿಗೆ ಬೇಕಾದವನಾದ.

ಕಂಪ್ಯೂಟರ್ ಇರುವ ಕಾರುಗಳು ಬಂದಾಗ ಅವನ ಸರೀಕರೆಲ್ಲ ಕೈಚೆಲ್ಲಿದರು. ಪಂಪಿನ ಸ್ಕ್ರೂ ತಿರುಗಿಸುವ ಕಾಲ ಮುಗಿದಿತ್ತು. ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ, ಟರ್ಬೊ ಎಷ್ಟು ಗಾಳಿ ಒತ್ತಬೇಕು ಅನ್ನುವುದನ್ನೆಲ್ಲ ಅಂಗೈಯಗಲದ ಒಂದು ಡಬ್ಬಿ ತೀರ್ಮಾನಿಸುತ್ತಿತ್ತು. ನಸ್ರುಲ್ಲಾ ನಲವತ್ತನೇ ವಯಸ್ಸಿನಲ್ಲಿ ಲ್ಯಾಪ್‌ಟಾಪ್ ತಂದ. ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಡಬ್ಬಿಯೊಳಗಿನ ಅಂಕಿಗಳ ಕೋಷ್ಟಕ ತೆರೆದು ನೋಡಿದಾಗ, ಇದು ತನ್ನ ಹಳೇ ಪಂಪೇ ಅಲ್ಲವೇ ಅನ್ನಿಸಿತು. ಅದೇ ಡೀಸೆಲ್, ಅದೇ ಗಾಳಿ, ಅದೇ ಬಿಸಿ. ಕಲಬೆರಕೆ ಡೀಸೆಲ್ಲಿಗೂ ಒರಟು ಡ್ರೈವರಿಗೂ ತಡೆಯಲಿ ಅಂತ ಕಂಪನಿಯವರು ಎಂಜಿನ್ನಿನ ತಾಕತ್ತಿನಲ್ಲಿ ಒಂದು ಪಾಲನ್ನು ಹಿಡಿದಿಟ್ಟಿರುತ್ತಾರೆ. ಹಿಡಿದಿಟ್ಟದ್ದನ್ನು ಬಿಡಿಸಿ ಕೊಡುವುದಕ್ಕೆ ಟ್ಯೂನಿಂಗ್ ಅನ್ನುತ್ತಾರೆ. ಎರಡು ವರ್ಷ ಗುಜರಿಯಿಂದ ತಂದ ಡಬ್ಬಿಗಳನ್ನು ಸುಟ್ಟು ಹಾಳು ಮಾಡಿ ಕೊನೆಗೆ ಆ ವಿದ್ಯೆ ಕೈಗೆ ಹತ್ತಿತು.

ಅವನಲ್ಲಿಗೆ ಪಾವಗಡದಿಂದ, ಮಧುಗಿರಿಯಿಂದ, ಆಂಧ್ರದ ಗಡಿಯಾಚೆಯಿಂದಲೂ ಟರ್ಬೊ ಡೀಸೆಲ್ ಕಾರುಗಳು ಬರತೊಡಗಿದವು. ಬಂದ ಕೂಡಲೇ ಅವನು ಲ್ಯಾಪ್‌ಟಾಪ್ ತೆಗೆಯುತ್ತಿರಲಿಲ್ಲ. ಮೊದಲು ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳು ಎಷ್ಟು ಸೋರುತ್ತಿವೆ ನೋಡಬೇಕು, ಟರ್ಬೊದ ದಂಡ ಅಲ್ಲಾಡುತ್ತಿದೆಯಾ ನೋಡಬೇಕು, ಗಾಳಿಯ ಪೈಪಿನಲ್ಲಿ ಬಿರುಕಿದ್ದರೆ ಬದಲಾಯಿಸಬೇಕು. ರೋಗ ಇರುವ ಎಂಜಿನ್ನಿಗೆ ತಾಕತ್ತು ಕೊಟ್ಟರೆ ಬೇಗ ಸಾಯುತ್ತದೆ ಅನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಮಾಲೀಕನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಎಂಜಿನ್ ಬಿಸಿಯಾಗುವ ತನಕ ಆಕ್ಸಿಲರೇಟರ್ ಒತ್ತಬೇಡ. ದೂರ ಓಡಿಸಿ ಬಂದು ತಟ್ಟನೆ ಕೀ ತಿರುಗಿಸಬೇಡ, ಒಂದು ನಿಮಿಷ ಸುಮ್ಮನೆ ಓಡಲಿ, ಟರ್ಬೊ ತಣ್ಣಗಾಗಲಿ. ಆಯಿಲ್ಲು ಕಂಪನಿ ಹೇಳಿದ್ದಕ್ಕಿಂತ ಮುಂಚೆ ಬದಲಾಯಿಸು. ಎಲ್ಲಕ್ಕಿಂತ ಮುಖ್ಯ, ಬ್ರೇಕ್ ಪ್ಯಾಡು ಮತ್ತು ಟೈರು ಹೊಸದು ಹಾಕು. ಕಾರಿಗೆ ಓಡುವುದನ್ನು ನಾನು ಕಲಿಸಿದ್ದೇನೆ, ನಿಲ್ಲುವುದನ್ನು ನೀನು ಕಲಿಸಬೇಕು. ಹತ್ತರಲ್ಲಿ ಒಂಬತ್ತು ಮಂದಿ ತಲೆಯಾಡಿಸಿ ಎದ್ದುಹೋಗುತ್ತಿದ್ದರು.

ಪಾಠವನ್ನು ಅಕ್ಷರಶಃ ಪಾಲಿಸಿದವನು ಭೀಮರಾಜು. ಕೊರಟಗೆರೆಯವನು, ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸು ಓಡಿಸಿ ಒಂದು ಅಪಘಾತವೂ ಇಲ್ಲದೆ ನಿವೃತ್ತಿಯಾದವನು. ಬಸ್ಸಿನ ಪಂಪು ಕೆಟ್ಟು ಶಿರಾದಲ್ಲಿ ನಿಂತ ಒಂದು ದಿನ ಇಬ್ಬರಿಗೂ ಪರಿಚಯವಾಗಿ, ಅದು ಗೆಳೆತನವಾಗಿ, ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುವಷ್ಟು ಬೆಳೆದಿತ್ತು. ರಂಜಾನಿನಲ್ಲಿ ಭೀಮರಾಜು ಶಿರಾಕ್ಕೆ ಬಂದರೆ, ಯುಗಾದಿಯ ಮಾರನೇ ದಿನ ನಸ್ರುಲ್ಲಾ ಕೊರಟಗೆರೆಗೆ ಹೋಗುತ್ತಿದ್ದ. ನಿವೃತ್ತಿಯಾದ ಮೇಲೆ ಭೀಮರಾಜು ಒಂದು ಬಿಳಿ ಟರ್ಬೊ ಡೀಸೆಲ್ ಕಾರು ತೆಗೆದುಕೊಂಡು ನೇರ ಶೆಡ್ಡಿಗೆ ತಂದ. ನಿನ್ನ ಕೈಯಲ್ಲಿ ಏನೇನು ವಿದ್ಯೆ ಇದೆಯೋ ಇದಕ್ಕೆ ಹಾಕು ಎಂದ.

ನಸ್ರುಲ್ಲಾ ಆ ಕಾರಿನ ಮೇಲೆ ಹನ್ನೊಂದು ದಿನ ಕೂತ. ಕಳ್ಳಂಬೆಳ್ಳದ ಕಡೆ ಓಡಿಸುವುದು, ಬಂದು ಅಂಕಿ ತಿದ್ದುವುದು, ಮತ್ತೆ ಓಡಿಸುವುದು. ಹೊಗೆಯಿಲ್ಲ, ಎಳೆತದಲ್ಲಿ ಜರ್ಕಿಲ್ಲ, ಮೂರನೇ ಗೇರಿನಲ್ಲಿ ಕಾಲಿಟ್ಟರೆ ಕಾರು ಸದ್ದಿಲ್ಲದೆ ಜಾರಿದ ಹಾಗೆ ಮುಂದೆ ಹೋಗುತ್ತಿತ್ತು. ಮೈಲೇಜೂ ಕಂಪನಿಯದಕ್ಕಿಂತ ಹೆಚ್ಚು. ಅವನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸ ಇನ್ನೊಂದಿರಲಿಲ್ಲ. ಭೀಮರಾಜು ಅದನ್ನು ಓಡಿಸಿದ್ದೂ ಹಾಗೆಯೇ. ತಾಕತ್ತು ಬೇಕಾದಾಗ ಮಾತ್ರ ಕೇಳುವುದು, ಉಳಿದ ಹೊತ್ತಿನಲ್ಲಿ ಬಸ್ಸಿನವನ ತಾಳ್ಮೆ. ನಾಲ್ಕು ವರ್ಷದಲ್ಲಿ ಕಾರು ಹೊಸದರ ಹಾಗೇ ಉಳಿದಿತ್ತು.

ಆಮೇಲೆ ಭೀಮರಾಜುವಿನ ಕಣ್ಣಿಗೆ ಪೊರೆ ಬಂತು. ಅದೇ ವರ್ಷ ಅವನ ಅಳಿಯ ಸುರೇಶನಿಗೆ ಪಾವಗಡದ ಕಡೆಯ ಹೈಸ್ಕೂಲಿಗೆ ವರ್ಗವಾಯಿತು. ಮಗಳು ಸುನಿತಾ ಕೊರಟಗೆರೆಯ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು, ಮನೆ ಬದಲಾಯಿಸುವ ಹಾಗಿರಲಿಲ್ಲ. ಅಳಿಯ ದಿನಾ ಕೊರಟಗೆರೆಯಿಂದ ಮಧುಗಿರಿ, ಮಿಡಿಗೇಶಿ ದಾಟಿ ಹೋಗಿ ಬರಬೇಕು. ಭೀಮರಾಜು ಕಾರಿನ ಕೀಯನ್ನು ಅವನ ಕೈಗೆ ಕೊಟ್ಟ. ಕೊಡುವ ಮುಂಚೆ ಶೆಡ್ಡಿಗೆ ಕರೆತಂದು ನಸ್ರುಲ್ಲಾನಿಂದ ಪಾಠವನ್ನೂ ಹೇಳಿಸಿದ. ಸುರೇಶ್ ವಿಜ್ಞಾನದ ಮೇಷ್ಟ್ರು, ಮೂವತ್ತೆರಡು ವರ್ಷ, ನಗುಮುಖದವನು. ಎಲ್ಲವನ್ನೂ ಗಮನವಿಟ್ಟು ಕೇಳಿದ, ಪ್ರಶ್ನೆ ಕೇಳಿದ. ಕಂಪನಿಯ ಹಳೇ ಅಂಕಿಗಳ ಫೈಲು ಲ್ಯಾಪ್‌ಟಾಪಿನಲ್ಲಿದೆ, ಬೇಕಾದರೆ ಅದನ್ನೇ ವಾಪಸ್ ಹಾಕಿಬಿಡುತ್ತೇನೆ ಎಂದು ನಸ್ರುಲ್ಲಾ ಒಂದು ಮಾತು ಹೇಳಿದ್ದುಂಟು. ಭೀಮರಾಜು ಬೇಡವೆಂದ. ನಸ್ರುಲ್ಲಾನೂ ಒತ್ತಾಯ ಮಾಡಲಿಲ್ಲ, ಆ ಕೆಲಸವನ್ನು ಅಳಿಸಲು ಅವನಿಗೇ ಮನಸ್ಸಿರಲಿಲ್ಲ.

ಆರು ತಿಂಗಳ ಮೇಲೆ, ಒಂದು ಭಾನುವಾರ ಬೆಳಗ್ಗೆ, ಸುರೇಶ್ ಒಬ್ಬನೇ ಬಂದ. ದಿನಾ ಎರಡೂವರೆ ಗಂಟೆ ರಸ್ತೆಯಲ್ಲೇ ಹೋಗುತ್ತದೆ, ಮಿಡಿಗೇಶಿಯಿಂದಾಚೆಗೆ ರಸ್ತೆ ಖಾಲಿ, ಇನ್ನೂ ಸ್ವಲ್ಪ ಬಿಡಿಸಿಕೊಡಿ ಎಂದ. ನಸ್ರುಲ್ಲಾ ಆಗುವುದಿಲ್ಲ ಎಂದ. ಸುರೇಶ್ ಹಟ ಮಾಡಲಿಲ್ಲ, ಚಹಾ ಕುಡಿಯುತ್ತಾ ಮಾತಿಗೆ ಕೂತ. ಬೆಂಗಳೂರಿನ ಟ್ಯೂನಿಂಗ್ ಅಂಗಡಿಯವನೊಬ್ಬ ಈ ಕಾರು ಓಡಿಸಿ ನೋಡಿ, ಯಾವನಪ್ಪ ಇದನ್ನು ಮಾಡಿದವನು ಅಂತ ಬೆರಗಾದನಂತೆ. ಈ ಎಂಜಿನ್ನಿಗೆ ಇದೇ ಕೊನೆ, ಇದಕ್ಕಿಂತ ಮೇಲೆ ಯಾರ ಕೈಲೂ ಆಗಲ್ಲ ಅಂದನಂತೆ. ಆ ಮಾತು ನಸ್ರುಲ್ಲಾನಿಗೆ ತಾಗಿತು. ಕೊನೆ ಇದಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಆ ಕಾರಿಗೆ ಇನ್ನೂ ತಾಕತ್ತು ಬಿಡಿಸುವ ಎರಡನೇ ಫೈಲೊಂದನ್ನು ಅವನು ಸುಮ್ಮನೆ ತನ್ನ ಖುಷಿಗೆ ಬರೆದಿಟ್ಟುಕೊಂಡಿದ್ದ, ಯಾರಿಗೂ ಹಾಕಿರಲಿಲ್ಲ.

ಅಂದು ಮಧ್ಯಾಹ್ನದ ಹೊತ್ತಿಗೆ ಹಾಕಿಕೊಟ್ಟ. ಬ್ರೇಕ್ ಪ್ಯಾಡು ಸವೆದಿವೆ, ಈ ವಾರವೇ ಬದಲಾಯಿಸು ಅಂತ ಎರಡು ಸಲ ಹೇಳಿದ. ಸುರೇಶ್ ಆಗಲಿ ಎಂದ. ಮಾವನಿಗೆ ಹೇಳುವುದು ಬೇಡ ಅಂಕಲ್, ಸುಮ್ಮನೆ ಗಾಬರಿಯಾಗುತ್ತಾರೆ ಎಂದೂ ಅಂದ. ಅದಕ್ಕೂ ನಸ್ರುಲ್ಲಾ ಹ್ಞೂಂ ಅಂದ.

ಐದು ವಾರಕ್ಕೆ ಸುದ್ದಿ ಬಂತು. ಶೇಂಗಾ ಕೀಳುವ ಕಾಲ. ಮಿಡಿಗೇಶಿ ದಾಟಿ ಪಾವಗಡದ ಕಡೆ ಹೋಗುವಾಗ, ಹೊಲದಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರಿನ ಟ್ರೇಲರಿಗೆ ಸುರೇಶನ ಕಾರು ಹೊಡೆದಿತ್ತು. ಬೆಳಗ್ಗೆ ಒಂಬತ್ತರ ಬಿಸಿಲು, ನೇರ ರಸ್ತೆ. ಸುರೇಶ್ ಸ್ಥಳದಲ್ಲೇ ಹೋದ. ಟ್ರೇಲರಿನಲ್ಲಿ ಶೇಂಗಾ ಬಳ್ಳಿಯ ಮೇಲೆ ಕೂತಿದ್ದ ಹೆಂಗಸು ಚಿಕ್ಕಹನುಮಕ್ಕ, ಆಸ್ಪತ್ರೆಯ ದಾರಿಯಲ್ಲಿ ಪ್ರಾಣ ಬಿಟ್ಟಳು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅವಳ ಗಂಡ ಓಬಳಯ್ಯ. ಅವನಿಗೆ ಮೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ನಸ್ರುಲ್ಲಾ ಕೊರಟಗೆರೆಗೆ ಹೋಗಿ ಮಣ್ಣು ಮುಗಿಯುವ ತನಕ ಭೀಮರಾಜುವಿನ ಪಕ್ಕದಲ್ಲೇ ನಿಂತಿದ್ದ. ಸುನಿತಾಳ ಮುಖ ನೋಡಲು ಆಗಲಿಲ್ಲ. ಅಲ್ಲಿ ಸೇರಿದ್ದವರೆಲ್ಲ ಟ್ರ್ಯಾಕ್ಟರಿನವನನ್ನು ಬೈಯುತ್ತಿದ್ದರು. ರಸ್ತೆ ನೋಡದೆ ಅಡ್ಡ ನುಗ್ಗಿದನಂತೆ, ಬೆಳಬೆಳಗ್ಗೆ ಕುಡಿದಿದ್ದನಂತೆ, ಕಟ್ಟಿಕೊಂಡ ಹೆಂಡತಿಯನ್ನೇ ತಿಂದುಕೊಂಡನಂತೆ. ಪೊಲೀಸರು ಎರಡೂ ಸಾವಿಗೆ ಓಬಳಯ್ಯನ ಮೇಲೆಯೇ ಕೇಸು ಹಾಕಿದ್ದರು. ಟ್ರ್ಯಾಕ್ಟರಿನವನದೇ ತಪ್ಪಿರಬಹುದು ಅಂದುಕೊಳ್ಳಲು ನಸ್ರುಲ್ಲಾನಿಗೂ ಆಸೆಯಿತ್ತು.

ತಿಂಗಳಾದ ಮೇಲೆ ಠಾಣೆಯಿಂದ ಕಾರು ಬಿಡುಗಡೆಯಾಯಿತು. ಭೀಮರಾಜು ಅದನ್ನು ಲಾರಿಯ ಮೇಲೆ ಹೇರಿಸಿ ಶೆಡ್ಡಿಗೆ ತಂದ. ಮುಂದಿನ ಅರ್ಧ ಕಾರು ಇರಲೇ ಇಲ್ಲ. ಇಳಿಸಿದವರು ಹೋದ ಮೇಲೆ ಇಬ್ಬರೇ ಉಳಿದರು. ಭೀಮರಾಜು ತಗ್ಗಿದ ದನಿಯಲ್ಲಿ ಹೇಳಿದ:

"ನಸ್ರು, ಹೋದೋನು ಹೋದ. ಮುಂದಿನ್ ವಾರ ಇನ್ಶೂರೆನ್ಸಿನೋರು ನೋಡಕ್ಕೆ ಬತ್ತಾರೆ. ಡಬ್ಬಿನಲ್ಲಿ ನೀನ್ ಮಾಡಿರೋದು ಯಾರ ಕಣ್ಣಿಗೂ ಬೀಳ್ಬಾರ್ದು. ಕಂಪನಿದು ಹೆಂಗಿತ್ತೋ ಅಂಗೇ ಮಾಡ್ಬುಡು. ಸತ್ತೋನ ಮೇಲೆ ಮಾತು ಬರ್ಬಾರ್ದು ಕಣೋ, ನನ್ ಮಗಳು ತಡಿಯಾಕಿಲ್ಲ."

ನಸ್ರುಲ್ಲಾ ಆಗಲಿ ಎಂದ. ಅಪಘಾತಕ್ಕೆ ಐದು ವಾರ ಮುಂಚೆ ಹಾಕಿದ್ದ ಎರಡನೇ ಫೈಲಿನ ವಿಷಯ ಭೀಮರಾಜುವಿಗೆ ಗೊತ್ತಿಲ್ಲ. ಅಳಿಸಿಬಿಟ್ಟರೆ ಸತ್ತವನ ಹೆಸರಿನ ಜೊತೆ ತನ್ನ ಹೆಸರೂ ಉಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ತನಕ ಭೀಮರಾಜುವನ್ನು ಬಿಟ್ಟುಬಂದು, ಡಬ್ಬಿಯನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟು, ತಂತಿ ಸಿಕ್ಕಿಸಿ, ಬ್ಯಾಟರಿ ಕೊಟ್ಟ. ಡಬ್ಬಿಗೆ ಜೀವವಿತ್ತು.

ಇಂಥ ಡಬ್ಬಿಗಳಿಗೆ ಒಂದು ಗುಣವಿದೆ. ಎಂಜಿನ್ನಿಗೆ ದೊಡ್ಡ ತೊಂದರೆಯಾದ ಗಳಿಗೆಯಲ್ಲಿ ಕಾರು ಯಾವ ಸ್ಥಿತಿಯಲ್ಲಿತ್ತು ಅನ್ನುವುದನ್ನು ಒಂದು ಪುಟದಷ್ಟು ಬರೆದಿಟ್ಟುಕೊಳ್ಳುತ್ತವೆ. ಹೊಸ ಫೈಲು ಹಾಕಿದರೆ ಆ ಪುಟ ಅಳಿಸಿಹೋಗುತ್ತದೆ. ಅಳಿಸುವ ಮುಂಚೆ ಓದುವುದು ನಸ್ರುಲ್ಲಾನ ಅಭ್ಯಾಸ, ಅಂದೂ ಓದಿದ. ಬ್ರೇಕ್ ಪೆಡಲ್ ಒತ್ತಿದೆ ಎಂದಿತ್ತು. ವೇಗ ನೂರ ಹದಿನೆಂಟು. ಬ್ರೇಕ್ ಹಾಕಿದ ಮೇಲೂ, ಟ್ರೇಲರಿಗೆ ಹೊಡೆಯುವ ಗಳಿಗೆಯಲ್ಲಿ ನೂರ ಹದಿನೆಂಟು. ಎದ್ದು ಹೋಗಿ ಕಾರಿನ ಉಳಿದ ಚಕ್ರದೊಳಗೆ ಟಾರ್ಚು ಬಿಟ್ಟು ನೋಡಿದ. ಪ್ಯಾಡು ಬದಲಾಯಿಸಿರಲಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತ್ತು. ಬ್ರೇಕ್ ಒತ್ತುವ ಮುಂಚೆ ಎಷ್ಟಿತ್ತು ಅನ್ನುವುದಕ್ಕೆ ಅವನಿಗೆ ಯಾವ ಕಂಪ್ಯೂಟರೂ ಬೇಕಾಗಿರಲಿಲ್ಲ. ನೂರ ನಲವತ್ತಕ್ಕೆ ಕಡಿಮೆಯಿಲ್ಲ.

ಡಬ್ಬಿಯನ್ನು ಅಳಿಸದೆ ಹಾಗೇ ಬೀರುವಿನಲ್ಲಿಟ್ಟು ಬೀಗ ಹಾಕಿದ. ಮನೆಗೆ ಹೋಗಿ ಜಹೀದಾಳಿಗೆ ಎಲ್ಲವನ್ನೂ ಹೇಳಿದ, ಸುರೇಶ್ ಒಬ್ಬನೇ ಬಂದ ಭಾನುವಾರದ ಸಮೇತ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಆ ಟ್ರ್ಯಾಕ್ಟರಿನವನು ಏನು ಹೇಳುತ್ತಾನಂತೆ ಎಂದು ಕೇಳಿದಳು. ಅದನ್ನು ಇಷ್ಟು ದಿನ ಯಾರೂ ನಸ್ರುಲ್ಲಾನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಬಸ್ಸು ಹತ್ತಿ ಮಧುಗಿರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಿಡಿಗೇಶಿ ದಾಟಿ ಇಳಿದ. ಓಬಳಯ್ಯನ ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಅರವತ್ತರ ಹತ್ತಿರದ ಒಣಕಲು ಮನುಷ್ಯ, ಜಾಮೀನಿನ ಮೇಲೆ ಹೊರಗಿದ್ದ. ಜಗುಲಿಯ ಮೇಲೆ ಕೂತಿದ್ದವನು ಬಂದವರು ಯಾರೆಂದೂ ಕೇಳದೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಕೋರ್ಟಿನ ಕಡೆಯವರೋ ಪೇಪರಿನವರೋ ಇರಬೇಕು ಅಂದುಕೊಂಡಿದ್ದ. ಅವತ್ತು ಏನಾಯಿತು ಎಂದು ನಸ್ರುಲ್ಲಾ ಕೇಳಿದ್ದಕ್ಕೆ, ಎಷ್ಟೋ ಸಲ ಹೇಳಿ ಸವೆದ ಮಾತನ್ನು ಮತ್ತೆ ಹೇಳಿದ:

"ನಾನು ನೋಡ್ದೆ ಸಾಮಿ. ಎರಡೂ ಕಡೆ ನೋಡ್ದೆ. ಕಾರು ಮೋರಿತಾವ ಇತ್ತು. ಮೋರಿತಾವ ಇರೋ ಗಾಡಿ ಇಲ್ಲಿಗೆ ಬರೋವೊತ್ಗೆ ನಾನು ಆ ಕಡೀಕೆ ಹೋಗ್ಬುಟ್ಟಿರ್ತೀನಿ, ಇಪ್ಪತ್ತು ವರ್ಷದಿಂದ ಅಂಗೇ ದಾಟಿರೋದು. ಅವತ್ತು ನನ್ ಕಣ್ಣಿಗೇನ್ ಬಡ್ಕಂಡಿತ್ತೋ ಕಾಣೆ."

ಕುಡಿಯುವ ಅಭ್ಯಾಸ ಅವನಿಗೆ ಇರಲೇ ಇಲ್ಲ ಅಂತ ಪಕ್ಕದ ಮನೆಯ ಹೆಂಗಸು ತೆಲುಗಿನಲ್ಲಿ ಹೇಳಿ ಒಳಗೆ ಹೋದಳು. ನಸ್ರುಲ್ಲಾ ಎದ್ದು ರಸ್ತೆಗೆ ಬಂದ. ಓಬಳಯ್ಯನ ಹೊಲದ ದಾರಿಯಿಂದ ಮೋರಿಯ ತನಕ ಹೆಜ್ಜೆ ಹಾಕಿ ಅಳೆದ. ಮುನ್ನೂರು ಮೀಟರಿನ ಮೇಲೆ ಒಂದಿಷ್ಟು. ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತು ಹೋಗಿಬರುವ ಗಾಡಿಗಳಿಗೆ ಫೋನಿನಲ್ಲಿ ಸೆಕೆಂಡು ಹಿಡಿದು ನೋಡಿದ. ಬಸ್ಸು ಹದಿನೆಂಟು ಸೆಕೆಂಡು, ಕಾರುಗಳು ಹದಿನಾಲ್ಕು, ಹದಿನೈದು. ಹೇರಿದ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಹೊಲದ ಕಡೆಯ ಏರನ್ನು ಹತ್ತಿ ರಸ್ತೆ ದಾಟಲು ಹನ್ನೆರಡು ಸೆಕೆಂಡು ಸಾಕು. ಸುರೇಶನ ಕಾರಿಗೆ ಎಂಟು ಸೆಕೆಂಡೂ ಬೇಕಿರಲಿಲ್ಲ.

ವಾಪಸು ಜಗುಲಿಗೆ ಬಂದು ನಿಂತೇ ಹೇಳಿದ: "ನಿನ್ ಕಣ್ಣಿಗೆ ಏನೂ ಬಡ್ದಿರ್ಲಿಲ್ಲ ಓಬಳಯ್ಯ. ನೀನು ಸರಿಯಾಗೇ ನೋಡಿದ್ದೀಯ. ಬೇರೆ ಯಾವ್ ಕಾರಾಗಿದ್ರೂ ನೀನು ದಾಟ್ತಿದ್ದೆ. ಆ ಕಾರು ಅಂಗೆ ಬರೋ ಅಂಗೆ ಮಾಡಿದ್ದು ನಾನು."

ಓಬಳಯ್ಯ ಅರ್ಥವಾಗದೆ ನೋಡಿದ. ನಸ್ರುಲ್ಲಾ ಕೂತು ನಿಧಾನವಾಗಿ, ಡಬ್ಬಿಯ ವಿಷಯ, ಬ್ರೇಕಿನ ವಿಷಯ, ಮೋರಿಯಿಂದ ಎಣಿಸಿದ ಸೆಕೆಂಡುಗಳ ವಿಷಯ ಬಿಡಿಸಿ ಹೇಳಿದ. ಮುದುಕ ಬೈಯಬಹುದು, ಹೊಡೆಯಬಹುದು ಎಂದುಕೊಂಡೇ ಬಂದಿದ್ದ. ಓಬಳಯ್ಯ ಎರಡೂ ಮಾಡಲಿಲ್ಲ. ಟವಲ್ಲನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಅತ್ತ. ಕೊನೆಗೆ ಅವನು ಕೇಳಿದ್ದು ಒಂದೇ. ತನ್ನ ಮಗಳು ಈಶ್ವರಮ್ಮನನ್ನು ಹುಲಿಕುಂಟೆಗೆ ಕೊಟ್ಟಿದೆ, ಅವ್ವನನ್ನು ಕೊಂದವನು ನೀನೇ ಅಂತ ಅವಳು ಮಾತು ಬಿಟ್ಟಿದ್ದಾಳೆ, ತಿಥಿಗೂ ಬರಲಿಲ್ಲ. "ಇದ್ನ ಅವ್ಳಿಗೆ ಒಂದ್ ಕಿತ ಹೇಳಿ ಸಾಮಿ. ನಾನು ಹೇಳುದ್ರೆ ನಂಬಾಕಿಲ್ಲ."

ನಸ್ರುಲ್ಲಾ ಮಾರನೇ ದಿನವೇ ಹುಲಿಕುಂಟೆಗೆ ಹೋದ. ಈಶ್ವರಮ್ಮ ಕೊಟ್ಟಿಗೆ ಬಾಚುತ್ತಿದ್ದಳು. ಪೊರಕೆ ಹಿಡಿದೇ ಎಲ್ಲವನ್ನೂ ಕೇಳಿಸಿಕೊಂಡಳು. ಕೂತುಕೊಳ್ಳಿ ಅನ್ನಲಿಲ್ಲ, ನೀರು ಕೊಡಲಿಲ್ಲ. ಹೇಳಿ ಮುಗಿದ ಮೇಲೆ, ಇದನ್ನು ಕೋರ್ಟಿನಲ್ಲಿ ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ ಎಂದ. ಹಾಗಾದರೆ ಹೇಳಿ ಬನ್ನಿ, ಆಮೇಲೆ ನಂಬುತ್ತೇನೆ ಎಂದು ಒಳಗೆ ಹೋದಳು.

ಭೀಮರಾಜುವಿಗೆ ತಾನೇ ಹೋಗಿ ಹೇಳಬೇಕಿತ್ತು. ಅದೇ ವಾರ ಕೊರಟಗೆರೆಗೆ ಹೋದ. ಡಬ್ಬಿಯನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ, ಇನ್ಶೂರೆನ್ಸಿನವರು ಕೇಳಿದರೂ ಇದ್ದದ್ದನ್ನೇ ಹೇಳುತ್ತೇನೆ ಎಂದ. ಸುರೇಶ್ ಒಬ್ಬನೇ ಬಂದಿದ್ದನ್ನೂ, ತಾನು ಹಾಕಿಕೊಟ್ಟದ್ದನ್ನೂ ಹೇಳಿದ. ಭೀಮರಾಜು ಆ ಎರಡನೆಯದನ್ನು ಕೇಳಿದ ಮೇಲೆ ಕುರ್ಚಿಯ ಕೈ ಹಿಡಿದುಕೊಂಡ. ಅವನು ಕೂಗಾಡಲಿಲ್ಲ.

"ನನ್ ಕಾರ್ನ ನಂಗೆ ಹೇಳ್ದಂಗೆ ಮುಟ್ಟುದ್ಯಲ್ಲೋ," ಎಂದ. ಸ್ವಲ್ಪ ತಡೆದು, "ಇನ್ಮೇಲೆ ಈ ಮನೆ ಮೆಟ್ಲು ಹತ್ಬೇಡ," ಎಂದ.

ಠಾಣೆಯಲ್ಲಿ ನಸ್ರುಲ್ಲಾನ ಮಾತಿಗೆ ಬೆಲೆ ಸಿಗಲಿಲ್ಲ. ತನಿಖೆ ಮುಗಿದಿದೆ, ಚಾರ್ಜ್‌ಶೀಟ್ ಹೋಗಿದೆ, ಹೇಳುವುದಿದ್ದರೆ ಕೋರ್ಟಿನಲ್ಲಿ ಹೇಳು ಎಂದರು. ಓಬಳಯ್ಯನ ವಕೀಲರು ಪರ್ವತಯ್ಯ ಅಂತ, ಮಧುಗಿರಿಯ ಹಳೇ ವಕೀಲರು. ಅವರು ಡಬ್ಬಿಯನ್ನು ಕಾರಿನ ಸಮೇತ ಕೋರ್ಟಿನ ವಶಕ್ಕೆ ತೆಗೆದುಕೊಳ್ಳುವಂತೆ ಅರ್ಜಿ ಹಾಕಿದರು, ನಸ್ರುಲ್ಲಾನನ್ನು ಸಾಕ್ಷಿಯ ಪಟ್ಟಿಗೆ ಸೇರಿಸಿದರು. ಸೇರಿಸುವ ಮುಂಚೆ ಒಂದು ಮಾತು ಹೇಳಿದರು. ನೀವು ಬಾಯಿಬಿಟ್ಟರೆ ನಿಮ್ಮ ಮೇಲೂ ಕ್ರಮ ಆಗಬಹುದು, ಶೆಡ್ಡು ಮುಚ್ಚಬೇಕಾಗಬಹುದು, ಯೋಚಿಸಿಕೊಂಡು ಬನ್ನಿ. ನಸ್ರುಲ್ಲಾ ಯೋಚಿಸಿಯೇ ಬಂದಿದ್ದೇನೆ ಎಂದ. ನಿಜಕ್ಕೂ ಅವನು ಅಷ್ಟು ಯೋಚಿಸಿರಲಿಲ್ಲ. ಯೋಚಿಸುತ್ತಾ ಕೂತರೆ ಮನಸ್ಸು ಬದಲಾದೀತು ಅನ್ನುವ ಹೆದರಿಕೆಯಿತ್ತು, ಅಷ್ಟೆ.

ಸಾಕ್ಷಿಯ ದಿನ ಬರಲು ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಅವನು ತನ್ನ ಕೈಯಿಂದ ಟ್ಯೂನಿಂಗ್ ಆಗಿ ಹೋದ ಕಾರುಗಳ ಪಟ್ಟಿ ತೆಗೆದ. ಅರವತ್ತಮೂರು ಇದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿ, ಬನ್ನಿ, ಕಂಪನಿಯದು ಹೇಗಿತ್ತೋ ಹಾಗೆ ಮಾಡಿ ಕೊಡುತ್ತೇನೆ ಎಂದ. ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಕೆಲವರು ಸಿಟ್ಟಾದರು. ಪಾವಗಡದ ಚಿರಂಜೀವಿ ಎನ್ನುವ ಕಂಟ್ರಾಕ್ಟರು, ನಿನ್ನ ತಲೆ ಕೆಟ್ಟಿದ್ದರೆ ನನ್ನ ಕಾರು ಯಾಕೆ ಕೆಡಿಸುತ್ತೀಯ ಎಂದು ಫೋನಿಟ್ಟ. ಬಂದವರು ಇಪ್ಪತ್ತೆರಡು ಮಂದಿ. ಅದರಲ್ಲೂ ಆರು ಜನ ಬೇರೆ ಕಡೆ ಹೋಗಿ ಮತ್ತೆ ಹಾಕಿಸಿಕೊಂಡರೆಂದು ಆಮೇಲೆ ತಿಳಿಯಿತು. ಬಾರದವರ ಊರಿಗೆ ಬಸ್ಸಿನಲ್ಲಿ ಹೋಗಿ, ಬೇಡವಾದರೆ ಬೇಡ, ಬ್ರೇಕನ್ನಾದರೂ ತೋರಿಸಿ ಎಂದು ಬಾನೆಟ್ಟಿನ ಬದಲು ಚಕ್ರ ಬಿಚ್ಚಿಸಿ ನೋಡಿ ಬಂದ. ದೊಡ್ಡೇರಿಯಲ್ಲಿ ಒಬ್ಬ ಅವನನ್ನು ಗೇಟಿನೊಳಗೇ ಬಿಡಲಿಲ್ಲ.

ಆ ನಡುವೆ ಒಂದು ಮಧ್ಯಾಹ್ನ ಸುನಿತಾ ಶೆಡ್ಡಿಗೆ ಬಂದಳು. ಅಪ್ಪನಿಗೆ ಹೇಳದೆ ಬಂದಿದ್ದಳು. ಕೊರಟಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಆಯಾಸ ಮುಖದಲ್ಲಿತ್ತು. ನಸ್ರುಲ್ಲಾ ಸ್ಟೂಲು ಒರೆಸಿ ಕೊಟ್ಟ. ಅವಳು ಕೂತಳು, ನೀರು ಕುಡಿದಳು, ಸುತ್ತಲಿನ ಸಾಮಾನು ನೋಡಿದಳು.

"ನಸ್ರು ಮಾಮ, ಅವ್ರು ಕೇಳಿದ್ರಾ, ಇಲ್ಲ ನೀವೇ ಮಾಡ್ಕೊಟ್ರಾ?"

"ಅವ್ನು ಕೇಳ್ದ ಕಣಮ್ಮ. ನಾನು ಮಾಡ್ದೆ. ಆಗಲ್ಲ ಅನ್ನೋದು ನನ್ ಕೈಲಿತ್ತು."

ಸುನಿತಾ ತಲೆಯಾಡಿಸಿದಳು. "ನಂಗೊತ್ತಿತ್ತು," ಎಂದಳು. "ಅವತ್ ಸಾಯಂಕಾಲಾನೇ ಬಂದು ಹೇಳಿದ್ರು. ಅಪ್ಪಂಗೆ ಹೇಳ್ಬೇಡ ಅಂದ್ರು, ನಾನು ಹೇಳ್ಲಿಲ್ಲ. ಅರ್ಧ ಗಂಟೆ ಮುಂಚೆ ಮನೆಗೆ ಬರ್ತಾರಲ್ಲ ಅಂತ ನಂಗೂ ಖುಷಿಯಾಗಿತ್ತು."

ಇದನ್ನು ಇನ್ನು ಯಾರ ಹತ್ತಿರವೂ ಹೇಳಲು ಸಾಧ್ಯವಿಲ್ಲದೆ ಇಷ್ಟು ದೂರ ಬಂದಿದ್ದಳು. ನಸ್ರುಲ್ಲಾ ಬಸ್ಸಿನ ತನಕ ಜೊತೆಗೆ ಹೋದ. ಬಸ್ಸು ಬರುವ ಹೊತ್ತಿಗೆ ಅವಳು, ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿ ಮಾಮ, ಆ ಅಜ್ಜನ ಶಾಪ ನಮ್ಮ ಮನೆಗೆ ಬೇಡ ಎಂದಳು.

ಮಧುಗಿರಿಯ ಕೋರ್ಟಿನಲ್ಲಿ ನಸ್ರುಲ್ಲಾ ಒಂದು ಗಂಟೆಗೂ ಮೇಲೆ ನಿಂತಿದ್ದ. ಪ್ರಶ್ನೆಗಳೆಲ್ಲ ಅವನು ಅಂದುಕೊಂಡ ಹಾಗೇ ಬಂದವು. ನಿನಗೆ ಕಾರಿನ ಕಂಪ್ಯೂಟರ್ ತಿದ್ದಲು ಪರವಾನಗಿ ಕೊಟ್ಟವರು ಯಾರು? ಯಾರೂ ಇಲ್ಲ. ತಿದ್ದಿದ್ದು ನಿಜವೇ? ನಿಜ. ತಿಂಗಳುಗಟ್ಟಲೆ ನಿನ್ನ ಬೀರುವಿನಲ್ಲಿದ್ದ ಡಬ್ಬಿಯ ಅಂಕಿಯನ್ನು ನೀನೇ ಬರೆದಿಲ್ಲ ಅಂತ ಹೇಗೆ ನಂಬುವುದು? ಬರೆಯುವುದಾಗಿದ್ದರೆ ನನಗೆ ಅನುಕೂಲವಾಗುವ ಹಾಗೆ ಬರೆಯುತ್ತಿದ್ದೆ ಸ್ವಾಮಿ ಎಂದ. ಭೀಮರಾಜು ಹಿಂದಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದ. ಓಬಳಯ್ಯನ ಪಕ್ಕದಲ್ಲಿ ಈಶ್ವರಮ್ಮ ಇದ್ದಳು. ಅಪ್ಪ ಮಗಳು ಒಟ್ಟಿಗೆ ಬಂದಿದ್ದನ್ನು ನಸ್ರುಲ್ಲಾ ಕಟಕಟೆಯಿಂದಲೇ ನೋಡಿದ.

ಇನ್ನೂ ಏಳು ತಿಂಗಳಿಗೆ ತೀರ್ಪು ಬಂತು. ಓಬಳಯ್ಯನ ಅಜಾಗರೂಕತೆ ಸಂದೇಹಕ್ಕೆಡೆಯಿಲ್ಲದಂತೆ ಸಾಬೀತಾಗಿಲ್ಲ, ಬಿಡುಗಡೆ ಮಾಡಿದೆ ಅಂತ. ಡಬ್ಬಿಯ ಅಂಕಿಯನ್ನು ಕೋರ್ಟು ಪುರಾವೆಯೆಂದು ಒಪ್ಪಲಿಲ್ಲ. ಆದರೆ ಕಾರಿನ ವೇಗವನ್ನು ತನಿಖೆಯಲ್ಲಿ ಯಾರೂ ಅಳೆದೇ ಇಲ್ಲ ಎಂಬ ಒಂದು ಸಾಲು ತೀರ್ಪಿನಲ್ಲಿತ್ತು. ಪರ್ವತಯ್ಯ ಅದನ್ನು ಓದಿ ಹೇಳಿದಾಗ ಓಬಳಯ್ಯ ಕೈಮುಗಿದ, ಯಾರಿಗೆಂದು ಅವನಿಗೂ ತಿಳಿದಿರಲಿಲ್ಲ. ಈಶ್ವರಮ್ಮ ಅವನನ್ನು ಹುಲಿಕುಂಟೆಗೆ ಕರೆದುಕೊಂಡು ಹೋದಳು. ಅವನು ಆಮೇಲೆ ಟ್ರ್ಯಾಕ್ಟರ್ ಮುಟ್ಟಲಿಲ್ಲ. ರಸ್ತೆ ದಾಟಬೇಕಾದರೆ ಈಗಲೂ ಮೊಮ್ಮಕ್ಕಳ ಕೈ ಹಿಡಿದು ನಿಂತುಬಿಡುತ್ತಾನಂತೆ, ಎರಡೂ ಕಡೆ ಒಂದು ಗಾಡಿಯೂ ಕಾಣದೆ ಹೋಗುವ ತನಕ.

ನಸ್ರುಲ್ಲಾನಿಗೆ ನೋಟಿಸು ಬಂತು, ಶೆಡ್ಡು ಕೆಲವು ತಿಂಗಳು ಮುಚ್ಚಿತ್ತು. ತೆಗೆದ ಮೇಲೆ ಕಾರಿನವರು ಯಾರೂ ಅತ್ತ ಸುಳಿಯಲಿಲ್ಲ, ಅವನೂ ಅವರನ್ನು ಬಯಸಲಿಲ್ಲ. ಲ್ಯಾಪ್‌ಟಾಪನ್ನು ಜಹೀದಾ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಈಗ ಟ್ರ್ಯಾಕ್ಟರ್, ಟಿಲ್ಲರುಗಳ ಪಂಪು ಬಿಚ್ಚಿ ಕಟ್ಟುತ್ತಾನೆ. ಅವುಗಳ ಅಳತೆಯಲ್ಲಿ ಕಂಪನಿ ಹೇಳಿದ್ದಕ್ಕಿಂತ ಕೂದಲೆಳೆಯೂ ಮೀರುವುದಿಲ್ಲ. ಏರಿನಲ್ಲಿ ಎಳೆಯುತ್ತಿಲ್ಲ, ಸ್ವಲ್ಪ ಹೆಚ್ಚು ಬಿಡಿ ಸಾಬ್ರೇ ಎಂದು ರೈತರು ಕೇಳಿದರೆ, ಹೇರನ್ನು ಕಡಿಮೆ ಮಾಡು ಎನ್ನುತ್ತಾನೆ.

ಭೀಮರಾಜುವಿನ ಕಣ್ಣಿನ ಆಪರೇಷನ್ ತುಮಕೂರಿನಲ್ಲಿ ಆಯಿತೆಂದು ಸುನಿತಾಳ ಫೋನಿನಿಂದ ತಿಳಿಯಿತು. ನಸ್ರುಲ್ಲಾ ಆಸ್ಪತ್ರೆಯ ತನಕ ಹೋದ, ವಾರ್ಡಿನ ಬಾಗಿಲಲ್ಲಿ ನಿಂತ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಭೀಮರಾಜು ಯಾರದು ಎಂದು ಕೇಳಿದ. ಸುನಿತಾ ನಸ್ರುಲ್ಲಾನ ಮುಖ ನೋಡಿದಳು. ಅವನು ಬೇಡವೆಂದು ಕೈಯಾಡಿಸಿದ, ತಂದಿದ್ದ ಮೂಸಂಬಿಯನ್ನು ಅವಳ ಕೈಗಿಟ್ಟು ಮೆಟ್ಟಿಲಿಳಿದ.